ಹರಾಜಿನ ಹೊತ್ತಿಗೆ ಸರ್ವರ್ ಏಕೆ ತೆವಳುತ್ತದೆ?

ಪ್ರಶ್ನೆ: ಮೇಡಂ, ಕೋಲಾರದ ಎಪಿಎಂಸಿಯಲ್ಲಿ ನಡೆಯುವ ಟೊಮೆಟೊ ಹರಾಜಿನ ದರಗಳನ್ನು ರೈತರು ಮೊಬೈಲಿನಲ್ಲಿ ಹುಡುಕಿ ನೋಡುವಂತೆ ನಾವು ಗೆಳೆಯರು ಸೇರಿ ಒಂದು ಸೇವೆ ನಡೆಸುತ್ತಿದ್ದೇವೆ. ಹುಡುಕಾಟಕ್ಕೆ ಅಪಾಚೆ ಸೋಲರ್ ಎಂಬ ತಂತ್ರಾಂಶ ಬಳಸುತ್ತೇವೆ. ಹಳೆಯ ಹಂಗಾಮುಗಳದ್ದೂ ಸೇರಿ ಸುಮಾರು ಹತ್ತು ಲಕ್ಷ ದಾಖಲೆಗಳಿವೆ. ಒಂದೊಂದು ಲಾಟು ಹರಾಜಾದ ಕೂಡಲೇ ನಮ್ಮ ಹುಡುಗರು ದರ ತುಂಬುತ್ತಾರೆ. ತುಂಬಿದ ಪ್ರತಿ ಸಲವೂ ಪ್ರೋಗ್ರಾಂ ಒಂದು ಕಮಿಟ್ ಕಳುಹಿಸುತ್ತದೆ. ಮಧ್ಯಾಹ್ನದ ನಂತರ ಎಲ್ಲವೂ ಸಲೀಸು. ಬೆಳಿಗ್ಗೆ ಹರಾಜು ಜೋರಾದಾಗ ಮಾತ್ರ ಒಂದು ಹುಡುಕಾಟಕ್ಕೆ ಆರೇಳು ಸೆಕೆಂಡು ಹಿಡಿಯುತ್ತದೆ. ಲಾಗ್ ತುಂಬ ‘ಓವರ್‌ಲ್ಯಾಪಿಂಗ್ ಆನ್‌ಡೆಕ್ ಸರ್ಚರ್ಸ್’ ಎಂಬ ಎಚ್ಚರಿಕೆ. ಯಂತ್ರಕ್ಕೆ 16 ಜಿಬಿ ಮೆಮೊರಿ ಇದೆ. ಅದರಲ್ಲಿ 12 ಜಿಬಿಯನ್ನು ಸೋಲರ್‌ನ ಹೀಪ್‌ಗೆ (ಪ್ರೋಗ್ರಾಂ ತನಗೆಂದೇ ಹಿಡಿದಿಟ್ಟುಕೊಳ್ಳುವ ಮೆಮೊರಿಗೆ) ಕೊಟ್ಟಿದ್ದೇವೆ. ರಾತ್ರಿ ಆಪ್ಟಿಮೈಸ್ ಕೂಡ ಓಡಿಸುತ್ತೇವೆ. ಎರಡರಷ್ಟು ದೊಡ್ಡ ಯಂತ್ರ ತೆಗೆದುಕೊಳ್ಳಿ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬೇಕೆ?
– ಹೆಸರು ಬೇಡವೆಂದಿರುವ ಓದುಗರು, ಕೋಲಾರ

ಉತ್ತರ: ಬೇಡ. ಆ ಹಣ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ.

ನಾನು ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು ಸರ್ವರ್‌ಗಳ ಚಾಕರಿ ಮಾಡಿದವಳು. ಯಂತ್ರ ನಿಧಾನವಾದಾಗ ಇನ್ನೊಂದು ಯಂತ್ರ ತರಿಸಿ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗೆ ಹೇಳುವವರು ಲಾಗ್ ತೆರೆದು ನೋಡಿರುವುದು ಅಪರೂಪ. ನೀವು ನೋಡಿದ್ದೀರಿ, ಎಚ್ಚರಿಕೆಯ ಸಾಲನ್ನೂ ಬರೆದು ಕಳುಹಿಸಿದ್ದೀರಿ. ಕಾಯಿಲೆಯ ಹೆಸರು ಆ ಸಾಲಿನಲ್ಲೇ ಇದೆ.

ಮೊದಲು ಒಳಗೆ ನಡೆಯುವುದೇನು ಎಂದು ನೋಡೋಣ. ಸೋಲರ್ ಆಗಲಿ, ಅದರಂಥದೇ ಇನ್ನೊಂದು ತಂತ್ರಾಂಶವಾದ ಇಲಾಸ್ಟಿಕ್‌ಸರ್ಚ್ ಆಗಲಿ, ಇವೆರಡರ ಹೊಟ್ಟೆಯಲ್ಲಿರುವುದು ಲೂಸೀನ್ ಎಂಬ ಒಂದೇ ತಂತ್ರಾಂಶ ಗ್ರಂಥಾಲಯ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. 1999ರಲ್ಲಿ ಡಗ್ ಕಟಿಂಗ್ ಅದನ್ನು ಬರೆದರು. ಲೂಸೀನ್ ತನ್ನ ಇಂಡೆಕ್ಸನ್ನು, ಅಂದರೆ ಹುಡುಕಾಟದ ಸೂಚಿಯನ್ನು, ಸೆಗ್ಮೆಂಟ್ ಎಂಬ ತುಂಡುಗಳಾಗಿ ಇಡುತ್ತದೆ. ಒಮ್ಮೆ ಬರೆದ ಸೆಗ್ಮೆಂಟನ್ನು ಅದು ಮತ್ತೆ ತಿದ್ದುವುದಿಲ್ಲ. ನಿಮ್ಮ ಮಂಡಿಗಳಲ್ಲಿ ಶಾಯಿಯಿಂದ ಬರೆದ ಲೆಕ್ಕದ ಪುಸ್ತಕ ಇರುತ್ತದಲ್ಲ, ಅದೇ ಕ್ರಮ: ತಪ್ಪಿದ ಸಾಲನ್ನು ಅಳಿಸುವುದಿಲ್ಲ, ಮೇಲೆ ಗೀಟು ಎಳೆದು ಕೊನೆಯಲ್ಲಿ ಹೊಸ ಸಾಲು ಬರೆಯುತ್ತಾರೆ. ಒಂದು ಲಾಟಿನ ದರ 300 ರೂಪಾಯಿಯಿಂದ 320 ಆದರೆ ಲೂಸೀನ್ ಮಾಡುವುದೂ ಇದನ್ನೇ. ಹಳೆಯ ದಾಖಲೆಗೆ ‘ಅಳಿಸಲಾಗಿದೆ’ ಎಂಬ ಗುರುತು ಹಾಕಿ, ರೈತನ ಊರು, ತಳಿ, ಬಾಕ್ಸುಗಳ ಸಂಖ್ಯೆ ಎಲ್ಲವನ್ನೂ ಸೇರಿಸಿ ಹೊಸ ದಾಖಲೆಯನ್ನು ಪೂರ್ತಿ ಬರೆಯುತ್ತದೆ. ಗೀಟು ಬಿದ್ದ ಹಳೆಯವು ಡಿಸ್ಕಿನಲ್ಲೇ ಇರುತ್ತವೆ. ಸಣ್ಣ ಸೆಗ್ಮೆಂಟುಗಳನ್ನು ಕೂಡಿಸಿ ದೊಡ್ಡದು ಮಾಡುವ ಮರ್ಜ್ ಎಂಬ ಕೆಲಸ ಹಿನ್ನೆಲೆಯಲ್ಲಿ ನಡೆಯುವಾಗ ಮಾತ್ರ ಅವು ನಿಜವಾಗಿ ತೊಲಗುತ್ತವೆ.

ಇನ್ನು ಕಮಿಟ್‌ಗೆ ಬರೋಣ. ನೀವು ಕಮಿಟ್ ಕಳುಹಿಸಿದಾಗ ಸೋಲರ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಬರೆದದ್ದನ್ನು ಡಿಸ್ಕಿಗೆ ಭದ್ರವಾಗಿ ಇಳಿಸುವುದು ಒಂದು. ಹೊಸ ದಾಖಲೆಗಳು ಹುಡುಕಾಟದಲ್ಲಿ ಕಾಣುವಂತೆ, ಇಂಡೆಕ್ಸನ್ನು ಓದಿ ಉತ್ತರ ಕೊಡುವ ಹೊಸ ‘ಸರ್ಚರ್’ ತೆರೆಯುವುದು ಇನ್ನೊಂದು. ನಿಮ್ಮನ್ನು ಮುಳುಗಿಸುತ್ತಿರುವುದು ಈ ಎರಡನೆಯದು. ಹೊಸ ಸರ್ಚರ್ ಬಂದೊಡನೆ, ಒಮ್ಮೆ ಕಂಡ ಉತ್ತರಗಳನ್ನು ಬೇಗ ಕೊಡಲೆಂದು ಮೆಮೊರಿಯಲ್ಲಿ ಇಟ್ಟುಕೊಂಡ ಹಳೆಯದರ ಕ್ಯಾಶ್‌ಗಳು ನಿರುಪಯುಕ್ತವಾಗುತ್ತವೆ. ಹಳೆಯ ಕ್ಯಾಶಿನಲ್ಲಿದ್ದ ಪ್ರಶ್ನೆಗಳಲ್ಲಿ ಕೆಲವನ್ನು ಸೋಲರ್ ಮತ್ತೆ ಓಡಿಸಿ ಹೊಸ ಕ್ಯಾಶನ್ನು ತುಂಬಿಸಿಕೊಳ್ಳುತ್ತದೆ. ಇದಕ್ಕೆ ವಾರ್ಮಿಂಗ್ ಎನ್ನುತ್ತಾರೆ. ಅದು ಮುಗಿಯುವವರೆಗೆ ಗಿರಾಕಿಗಳಿಗೆ ಉತ್ತರ ಕೊಡುವುದು ಹಳೆಯ ಸರ್ಚರ್. ಹರಾಜು ಜೋರಾಗಿರುವಾಗ ನಿಮ್ಮ ಹುಡುಗರು ಕ್ಷಣಕ್ಕೊಂದು ದರ ತುಂಬುತ್ತಾರೆ. ಒಂದು ಸರ್ಚರ್ ವಾರ್ಮ್ ಆಗುವಷ್ಟರಲ್ಲಿ ಇನ್ನೊಂದು ಕಮಿಟ್ ಬಂದು ಮತ್ತೊಂದು ಸರ್ಚರ್ ತಯಾರಿಗೆ ನಿಲ್ಲುತ್ತದೆ. ಪ್ರೊಸೆಸರ್ ಹೀಗೆ ತಯಾರಿಯಲ್ಲೇ ದಣಿಯುತ್ತದೆ, ರೈತನ ಪ್ರಶ್ನೆ ಕಾಯುತ್ತದೆ. ನೀವು ಬರೆದ ಎಚ್ಚರಿಕೆಯ ಅರ್ಥ ಇಷ್ಟೇ. ಏಕಕಾಲಕ್ಕೆ ವಾರ್ಮ್ ಆಗಬಹುದಾದ ಸರ್ಚರ್‌ಗಳ ಮಿತಿಯನ್ನು ಹೆಚ್ಚಿಸಿದರಾಯಿತು ಎಂದು ಯಾರಾದರೂ ಹೇಳಬಹುದು. ದಯವಿಟ್ಟು ಹಾಗೆ ಮಾಡಬೇಡಿ, ಹೊರೆ ಇನ್ನೂ ಏರುತ್ತದೆ.

ನಿಮ್ಮ ಗೆಳೆಯರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ಈ ದರ ಎಷ್ಟು ಹೊತ್ತು ಹಳೆಯದಾಗಿದ್ದರೆ ಯಾರಿಗೆ ನಷ್ಟ? ಯಾರ್ಡಿನಲ್ಲಿ ನಿಂತು ಸವಾಲು ಹಾಕುವ ವ್ಯಾಪಾರಿ ಕೂಗನ್ನು ಕಿವಿಯಿಂದ ಕೇಳುತ್ತಾನೆ, ನಿಮ್ಮ ಆ್ಯಪ್ ನೋಡಿಕೊಂಡು ಕೂಗುವುದಿಲ್ಲ. ನಿಮ್ಮ ಆ್ಯಪ್ ನೋಡುವವನು ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಕುಳಿತು, ನಾಳೆ ಕೊಯ್ಲಿಗೆ ಆಳುಗಳನ್ನು ಕರೆಯಬೇಕೆ, ಇನ್ನೆರಡು ದಿನ ತಡೆಯಬೇಕೆ ಎಂದು ಲೆಕ್ಕ ಹಾಕುತ್ತಿರುವ ರೈತ. 15 ಕೆಜಿ ಬಾಕ್ಸಿನ ದರ ಅವನಿಗೆ ಅರ್ಧ ನಿಮಿಷ ತಡವಾಗಿ ಕಂಡರೆ ಏನೂ ಕೆಡುವುದಿಲ್ಲ. ಆರೇಳು ಸೆಕೆಂಡು ಸುತ್ತುವ ಚಕ್ರ ನೋಡಿ ಅವನು ಆ್ಯಪ್ ಮುಚ್ಚಿದರೆ ಕೆಡುತ್ತದೆ. ಕ್ಷಣಕ್ಷಣದ ತಾಜಾತನಕ್ಕೆ ನೀವು ಯಾರೂ ಕೇಳದ ಬೆಲೆ ತೆರುತ್ತಿದ್ದೀರಿ.

ಆದ್ದರಿಂದ ಪ್ರೋಗ್ರಾಂನಿಂದ ಕಮಿಟ್ ಕಳುಹಿಸುವ ಸಾಲನ್ನು ಇಂದೇ ತೆಗೆಯಿರಿ. ಕಮಿಟ್ ಯಾವಾಗ ಆಗಬೇಕೆಂಬುದು ಸರ್ವರ್‌ನ ಸಂರಚನಾ ಕಡತದಲ್ಲಿ ತೀರ್ಮಾನವಾಗಲಿ. ಅಲ್ಲಿ ಆಟೋಕಮಿಟ್ ಎಂಬ ಭಾಗದಲ್ಲಿ 15 ಸೆಕೆಂಡಿಗೊಮ್ಮೆ ಎಂದು ಹಾಕಿ, ಓಪನ್‌ಸರ್ಚರ್ ಎಂಬುದಕ್ಕೆ ‘ಫಾಲ್ಸ್’ ಕೊಡಿ. ಇದು ಹಾರ್ಡ್ ಕಮಿಟ್: ಡಿಸ್ಕಿಗೆ ಇಳಿಸುತ್ತದೆ, ಬಂದ ಬರವಣಿಗೆಗಳನ್ನು ಸಾಲಾಗಿ ಟಿಪ್ಪಣಿ ಮಾಡಿಕೊಳ್ಳುವ ಟ್ರಾನ್ಸಾಕ್ಷನ್ ಲಾಗ್ ವಿಪರೀತ ಉದ್ದವಾಗದಂತೆ ನೋಡಿಕೊಳ್ಳುತ್ತದೆ, ಸರ್ಚರ್ ತಂಟೆಗೆ ಹೋಗುವುದಿಲ್ಲ. ಕಾಣಿಸುವ ಕೆಲಸವನ್ನು ಆಟೋಸಾಫ್ಟ್‌ಕಮಿಟ್‌ಗೆ ಒಪ್ಪಿಸಿ, ಅರ್ಧ ನಿಮಿಷದಿಂದ ಶುರು ಮಾಡಿ. ಎಚ್ಚರಿಕೆಯ ಸಾಲುಗಳು ಆಗಲೂ ಬಂದರೆ ಒಂದು ನಿಮಿಷಕ್ಕೆ ಏರಿಸಿ. ಸಾಫ್ಟ್ ಕಮಿಟ್ ಪುಕ್ಕಟೆ ಎಂದು ನಂಬಿ ಒಂದು ಸೆಕೆಂಡಿಗೆ ಇಡುವವರಿದ್ದಾರೆ. ಅದು ಡಿಸ್ಕಿನ ಕೆಲಸವನ್ನು ಉಳಿಸುತ್ತದೆ, ನಿಜ. ಆದರೆ ಅದೂ ಹೊಸ ಸರ್ಚರ್ ತೆರೆಯುತ್ತದೆ, ಅದೂ ಕ್ಯಾಶ್‌ಗಳನ್ನು ಕೆಡವುತ್ತದೆ.

‘ನಾನು ತುಂಬಿದ್ದು ಕಾಣುತ್ತಿಲ್ಲ’ ಎಂದು ದರ ತುಂಬುವ ಹುಡುಗರು ತಕರಾರು ತೆಗೆಯುವುದು ಖಂಡಿತ. ಅವರಿಗೆ ಸೋಲರ್‌ನಲ್ಲಿ ‘ರಿಯಲ್‌ಟೈಮ್ ಗೆಟ್’ ಇದೆ. ಲಾಟಿನ ಗುರುತು ಸಂಖ್ಯೆ ಕೊಟ್ಟರೆ, ಇನ್ನೂ ಕಮಿಟ್ ಆಗದ ದಾಖಲೆಯನ್ನೂ ಅದು ಟ್ರಾನ್ಸಾಕ್ಷನ್ ಲಾಗ್‌ನಿಂದ ತೆಗೆದುಕೊಡುತ್ತದೆ. ತುಂಬುವವರ ಪರದೆಗೆ ಆ ದಾರಿ, ಹುಡುಕುವವರಿಗೆ ಮಾಮೂಲಿ ದಾರಿ.

ಕ್ಯಾಶ್ ವಿಚಾರ. ಫಿಲ್ಟರ್ ಕ್ಯಾಶಿನಲ್ಲಿ ಒಂದೊಂದು ಫಿಲ್ಟರಿಗೂ, ದಾಖಲೆಯೊಂದಕ್ಕೆ ಒಂದು ಬಿಟ್ ಲೆಕ್ಕದಲ್ಲಿ, ಹೆಚ್ಚೆಂದರೆ ಅಷ್ಟು ಜಾಗ ಬೇಕು. ನಿಮ್ಮ ಹತ್ತು ಲಕ್ಷ ದಾಖಲೆಗಳಿಗೆ ಅದು ಸುಮಾರು 122 ಕೆಬಿ. 512 ಫಿಲ್ಟರುಗಳಿಗೆ ಜಾಗ ಇಟ್ಟಿದ್ದರೂ 60 ಎಂಬಿ ಚಿಲ್ಲರೆ. ಮೆಮೊರಿಯ ಮಟ್ಟಿಗೆ ಇದು ಗಾಬರಿಪಡುವ ಮೊತ್ತವಲ್ಲ, ಸಮಯದ ಮಟ್ಟಿಗೆ ಹೌದು. ವಾರ್ಮಿಂಗ್‌ನಲ್ಲಿ ಎಷ್ಟನ್ನು ಮತ್ತೆ ಓಡಿಸಬೇಕೆಂದು ಹೇಳುವ ಆಟೋವಾರ್ಮ್ ಕೌಂಟ್ ನೂರಾರು ಇದ್ದರೆ ಹತ್ತಿಪ್ಪತ್ತಕ್ಕೆ ಇಳಿಸಿ. ನಿಮ್ಮ ಗಿರಾಕಿಗಳು ದಿನವೂ ಕೇಳುವುದು ಅವೇ ನಾಲ್ಕಾರು ಬೆಳೆ, ಅವೇ ನಾಲ್ಕಾರು ಯಾರ್ಡು.

ಒಂದು ಊಹೆ ಮಾಡುತ್ತೇನೆ, ಪರೀಕ್ಷಿಸಿ ನೋಡಿ. ‘ಇಂದಿನ ದರ’ ಎಂಬ ಗುಂಡಿಯ ಹಿಂದೆ ನೀವು ‘ನೌ’ ಎಂಬ ಪದವನ್ನು ಹಾಗೇ ಹಾಕಿದ ದಿನಾಂಕದ ಫಿಲ್ಟರ್ ಇರಬಹುದು. ಆ ಪದ ಮಿಲಿಸೆಕೆಂಡಿನವರೆಗೆ ನಿಖರ. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದರೂ ಸೋಲರ್‌ಗೆ ಅವು ಎರಡು ಬೇರೆ ಪ್ರಶ್ನೆಗಳು. ಕ್ಯಾಶ್ ತುಂಬುತ್ತಲೇ ಇರುತ್ತದೆ, ಒಂದೂ ಪ್ರಯೋಜನಕ್ಕೆ ಬರುವುದಿಲ್ಲ. ‘ನೌ’ ಪಕ್ಕಕ್ಕೆ ಓರೆಗೆರೆ ಹಾಕಿ ‘ಡೇ’ ಸೇರಿಸಿದರೆ ದಿನದ ಆರಂಭಕ್ಕೆ ದುಂಡಾಗುತ್ತದೆ, ದಿನವಿಡೀ ಒಂದೇ ಫಿಲ್ಟರ್ ನಡೆಯುತ್ತದೆ. ಆದರೆ ಸೋಲರ್‌ನ ದಿನ ಶುರುವಾಗುವುದು ಯುಟಿಸಿ ಎಂಬ ಜಾಗತಿಕ ಗಡಿಯಾರದಂತೆ, ಅಂದರೆ ನಮ್ಮ ಬೆಳಗಿನ ಜಾವ 5.30ಕ್ಕೆ. ನಸುಕಿನಲ್ಲಿ ಆ್ಯಪ್ ತೆರೆದವನಿಗೆ ‘ಇಂದಿನ’ ಹೆಸರಿನಲ್ಲಿ ನಿನ್ನೆಯ ದರವೇ ಕಾಣುತ್ತದೆ. ಪ್ರಶ್ನೆಯ ಜೊತೆ ‘ಟಿಝಡ್’ ಎಂಬ ನಿಯತಾಂಕದಲ್ಲಿ ಏಷ್ಯಾ/ಕೋಲ್ಕತಾ ಎಂದು ಕಳುಹಿಸಿ, ಸರಿಹೋಗುತ್ತದೆ. ನಸುಕಿನಲ್ಲೇ ಗಾಡಿ ಕಟ್ಟುವ ಜನರಿಗೆ ಸೇವೆ ಕೊಡುವವರು ಇದನ್ನು ಮರೆಯಬಾರದು.

16ರಲ್ಲಿ 12 ಜಿಬಿ ಹೀಪ್‌ಗೆ ಕೊಟ್ಟದ್ದು ಉದಾರತನ, ಆದರೆ ತಪ್ಪು ವಿಳಾಸಕ್ಕೆ. ಲೂಸೀನ್ ತನ್ನ ಕಡತಗಳನ್ನು ಓದುವುದು ಆಪರೇಟಿಂಗ್ ಸಿಸ್ಟಮ್‌ನ ಕಡತ ಕ್ಯಾಶ್ ಮೂಲಕ, ಅದಕ್ಕೆ ಬೇಕಾದ ಮೆಮೊರಿ ಹೀಪಿನ ಹೊರಗಿರಬೇಕು. ಹೀಪ್ ಉಬ್ಬಿದಷ್ಟೂ ಡಿಸ್ಕಿನ ಓದು ಹೆಚ್ಚುತ್ತದೆ, ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಜಾವಾದ ಗಾರ್ಬೇಜ್ ಕಲೆಕ್ಷನ್ ವಿರಾಮಗಳೂ ಉದ್ದವಾಗಬಹುದು. ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ನಿಮ್ಮ ಗಾತ್ರಕ್ಕೆ 4 ಜಿಬಿಯಿಂದ ಶುರು ಮಾಡಿ ಗಮನಿಸಿ.

ರಾತ್ರಿಯ ಆಪ್ಟಿಮೈಸ್ ನಿಲ್ಲಿಸಿ. ಕೇಳಲು ಒಳ್ಳೆಯ ಹೆಸರು. ಮಾಡುವುದು ಮಾತ್ರ ಇಡೀ ಇಂಡೆಕ್ಸನ್ನು ಮತ್ತೆ ಬರೆದು ಕೆಲವೇ ದೊಡ್ಡ ಸೆಗ್ಮೆಂಟುಗಳನ್ನು ಮಾಡುವುದನ್ನು. ಮರುದಿನ ಬೆಳಿಗ್ಗೆ ಅದರ ಮೇಲೆ ಮತ್ತೆ ಗೀಟುಗಳು ಬೀಳತೊಡಗುತ್ತವೆ. ಮಾಮೂಲಿ ಮರ್ಜ್ ನೀತಿ ಒಂದು ಸೆಗ್ಮೆಂಟನ್ನು 5 ಜಿಬಿ ಮೀರಿ ಬೆಳೆಸುವುದಿಲ್ಲ; ಒಂದೇ ಸೆಗ್ಮೆಂಟ್ ಆಗಲಿ ಎಂಬ ನಿಮ್ಮ ಬಲವಂತದಿಂದ ಅದಕ್ಕಿಂತ ದೊಡ್ಡದಾದದ್ದು ಮುಂದೆ ಸುಲಭವಾಗಿ ಮರ್ಜ್‌ಗೆ ಸಿಗದೆ ಕಸ ಹೊತ್ತುಕೊಂಡು ಕೂರಬಹುದು. ಹಿಂದಿನ ಹಂಗಾಮುಗಳ ದಾಖಲೆಗಳನ್ನು ಬೇರೆ ಇಂಡೆಕ್ಸಿಗೆ ಸರಿಸಿ, ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ ಎಂದಾದ ಮೇಲೆ ಒಮ್ಮೆ ಆಪ್ಟಿಮೈಸ್ ಮಾಡಿ, ಅದಕ್ಕೆ ಅರ್ಥವಿದೆ. ಹೀಗೆ ಬೇರ್ಪಡಿಸಿದರೆ ಇನ್ನೊಂದು ಲಾಭ: ಪ್ರತಿ ಅರ್ಧ ನಿಮಿಷಕ್ಕೆ ಕ್ಯಾಶ್ ಕಳೆದುಕೊಳ್ಳುವುದು ಈ ಹಂಗಾಮಿನ ಚಿಕ್ಕ ಇಂಡೆಕ್ಸ್ ಮಾತ್ರ. ಹಳೆಯದರ ಕ್ಯಾಶ್ ಅಲುಗಾಡುವುದಿಲ್ಲ.

ಇಷ್ಟಾದ ಮೇಲೂ ಬಿಗಿಯೆನಿಸಿದರೆ ದರದ ಕ್ಷೇತ್ರಕ್ಕೆ ಕೈಹಾಕಿ. ಸೋಲರ್ 6.5ರಿಂದ ‘ಇನ್‌ಪ್ಲೇಸ್ ಅಪ್‌ಡೇಟ್’ ಇದೆ. ಕ್ಷೇತ್ರವು ಒಂದೇ ಬೆಲೆಯ ಸಂಖ್ಯೆಯಾಗಿದ್ದು, ಡಾಕ್‌ವ್ಯಾಲ್ಯೂಸ್ (ಬೆಲೆಗಳನ್ನು ಕಂಬಸಾಲಾಗಿ ಇಡುವ ಕ್ರಮ) ಇದ್ದು, ಸಂರಚನೆಯಲ್ಲಿ ಇಂಡೆಕ್ಸ್ಡ್ ಮತ್ತು ಸ್ಟೋರ್ಡ್ ಎಂಬ ಗುರುತುಗಳು ಎರಡೂ ಇಲ್ಲದಿದ್ದರೆ, ದಾಖಲೆಯನ್ನು ಪೂರ್ತಿ ಮರುಬರೆಯದೆ ಆ ಸಂಖ್ಯೆಯನ್ನಷ್ಟೇ ಬದಲಿಸಬಹುದು. ಒಳಗಿನ ‘ವರ್ಷನ್’ ಕ್ಷೇತ್ರವೂ ಇದೇ ಷರತ್ತಿಗೆ ಒಳಪಟ್ಟಿರಬೇಕು. ಇದನ್ನು ಬಿಟ್ಟವರಿಗೆ ಯಾವ ದೋಷಸಂದೇಶವೂ ಇಲ್ಲದೆ ಹಳೆಯ ರೀತಿಯಲ್ಲೇ ಪೂರ್ತಿ ಮರುಬರವಣಿಗೆ ನಡೆಯುತ್ತಿರುತ್ತದೆ. ದರದ ಪ್ರಕಾರ ಜೋಡಿಸುವುದಕ್ಕೆ ಡಾಕ್‌ವ್ಯಾಲ್ಯೂಸ್ ಸಾಕು. ಊರು, ತಳಿ, ಮಂಡಿ ಇವು ದಿನದಲ್ಲಿ ಬದಲಾಗದ ಸಂಗತಿಗಳು, ಅವು ಇದ್ದಂತೆ ಇರಲಿ.

ಅಳೆಯುವಾಗ ಸರಾಸರಿ ನೋಡಬೇಡಿ. ಇಡೀ ದಿನದ ಸರಾಸರಿ ತೆಗೆದರೆ ಮಧ್ಯಾಹ್ನದ ಸಲೀಸು ಬೆಳಗಿನ ಸಂಕಟವನ್ನು ಮುಚ್ಚಿಬಿಡುತ್ತದೆ. ಹರಾಜಿನ ಹೊತ್ತಿನ ಪ್ರಶ್ನೆಗಳನ್ನು ಮಾತ್ರ ತೆಗೆದು, ನೂರರಲ್ಲಿ ಅತಿ ನಿಧಾನವಾದ ಐದು ಎಷ್ಟು ಹೊತ್ತು ಹಿಡಿದವು ಎಂದು ನೋಡಿ. ಅದೇ ಪ್ರಶ್ನೆಗಳನ್ನು ಪರೀಕ್ಷಾ ಯಂತ್ರದಲ್ಲಿ ಮತ್ತೆ ಓಡಿಸಿ, ಪಕ್ಕದಲ್ಲಿ ದರ ತುಂಬುವ ಕೆಲಸವೂ ನಡೆಯುತ್ತಿರಲಿ. ಬರವಣಿಗೆ ನಿಂತಿರುವ ಇಂಡೆಕ್ಸಿನ ಮೇಲೆ ಮಾಡಿದ ಪರೀಕ್ಷೆ ನಿಮಗೆ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮದು ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನಾಲ್ಕು ಲಕ್ಷದಷ್ಟು ಬಿಡಿಭಾಗಗಳ ಪಟ್ಟಿ ಇಲಾಸ್ಟಿಕ್‌ಸರ್ಚ್‌ನಲ್ಲಿದೆ. ಗಂಟೆಗೊಮ್ಮೆ ದಾಸ್ತಾನಿನ ಇಡೀ ಪಟ್ಟಿಯನ್ನು ಒಂದೊಂದಾಗಿ ಮತ್ತೆ ಕಳುಹಿಸುತ್ತೇವೆ. ಒಂದು ಸುತ್ತು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗ ಹುಡುಕಾಟ ಸಿಕ್ಕಿಹಾಕಿಕೊಳ್ಳುತ್ತದೆ.
– ಅಂಗಡಿ ಮಾಲೀಕರು, ತಿಪಟೂರು

ಉತ್ತರ: ಗಂಟೆಯೊಂದರಲ್ಲಿ ನಾಲ್ಕು ಲಕ್ಷ ಸಾಮಾನೂ ಮಾರಾಟವಾಗುವಷ್ಟು ವ್ಯಾಪಾರವಿದ್ದರೆ ನಿಮಗೆ ನನ್ನ ಸಲಹೆ ಬೇಕಿರಲಿಲ್ಲ! ಬದಲಾದದ್ದನ್ನು ಮಾತ್ರ ಕಳುಹಿಸಿ. ಬಿಲ್ಲಿಂಗ್ ತಂತ್ರಾಂಶದ ಡೇಟಾಬೇಸಿನಲ್ಲಿ ಪ್ರತಿ ಸಾಲಿಗೂ ‘ಕೊನೆಯ ಬದಲಾವಣೆಯ ಸಮಯ’ ಇರುತ್ತದೆ, ಇಲ್ಲದಿದ್ದರೆ ಸೇರಿಸಿಕೊಳ್ಳಬಹುದು. ಹಿಂದಿನ ಸುತ್ತಿನ ನಂತರ ಬದಲಾದವನ್ನಷ್ಟೇ ತೆಗೆದರೆ ಕೆಲವು ನೂರು ಸಾಲುಗಳು ಬಂದಾವು. ಬದಲಾಗದ ದಾಖಲೆಯನ್ನು ಮತ್ತೆ ಕಳುಹಿಸಿದರೂ ಇಂಡೆಕ್ಸಿಗೆ ಅದು ಹೊಸ ಬರವಣಿಗೆಯೇ. ಮೇಲಿನ ಕೋಲಾರದ ಓದುಗರಿಗೆ ಹೇಳಿದ ಗೀಟು, ಮರುಬರವಣಿಗೆ, ಮರ್ಜ್ ಎಲ್ಲವೂ ಇಲ್ಲಿಯೂ ಇವೆ.

ಕಳುಹಿಸುವಾಗ ಒಂದೊಂದಾಗಿ ಬೇಡ, ಬಲ್ಕ್ ವಿನಂತಿಯಲ್ಲಿ ಒಟ್ಟಾಗಿ ಕಳುಹಿಸಿ. ಒಂದು ಕಂತು ಐದರಿಂದ ಹದಿನೈದು ಎಂಬಿ ಇರಲಿ, ಯಂತ್ರ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಹೊಸ ಬರವಣಿಗೆಯನ್ನು ಹುಡುಕಾಟಕ್ಕೆ ಕಾಣಿಸುವ ಕೆಲಸಕ್ಕೆ ಇಲ್ಲಿ ರಿಫ್ರೆಶ್ ಎನ್ನುತ್ತಾರೆ. ಪ್ರತಿ ಬರವಣಿಗೆಯ ಜೊತೆ ‘ರಿಫ್ರೆಶ್’ ಎಂಬುದಕ್ಕೆ ‘ಟ್ರೂ’ ಕಳುಹಿಸುತ್ತಿದ್ದೀರಾ ನೋಡಿ. ಇದ್ದರೆ ಕಿತ್ತುಹಾಕಿ. ಬರೆದದ್ದು ಕಂಡ ಮೇಲೆಯೇ ಮುಂದಿನ ಹೆಜ್ಜೆ ಎಂಬ ಅನಿವಾರ್ಯ ಎಲ್ಲಾದರೂ ಇದ್ದರೆ ಅಲ್ಲಿ ‘ವೇಟ್ ಫಾರ್’ ಎಂದು ಕೊಡಿ; ಅದು ಮುಂದಿನ ಸರದಿಯ ರಿಫ್ರೆಶ್‌ವರೆಗೆ ಕಾಯುತ್ತದೆ, ತಾನಾಗಿ ಬಲವಂತ ಮಾಡುವುದಿಲ್ಲ.

ರಿಫ್ರೆಶ್ ಅಂತರ ಮೊದಲಿಗೆ ಒಂದು ಸೆಕೆಂಡ್ ಇರುತ್ತದೆ. 7ನೇ ಆವೃತ್ತಿಯಿಂದ, ನೀವು ಅದನ್ನು ಮುಟ್ಟದೆ ಬಿಟ್ಟಿದ್ದರೆ, 30 ಸೆಕೆಂಡು ಯಾರೂ ಹುಡುಕದ ಶಾರ್ಡಿನಲ್ಲಿ (ಇಂಡೆಕ್ಸಿನ ಒಂದು ಪಾಲಿನಲ್ಲಿ) ರಿಫ್ರೆಶ್ ತಾನೇ ನಿಂತು, ಮುಂದಿನ ಹುಡುಕಾಟ ಬಂದಾಗ ನಡೆಯುತ್ತದೆ. ನಿಮ್ಮ ಕೌಂಟರಿಗೆ 10 ಸೆಕೆಂಡು ಸಾಕು. ಒಂದೇ ನಟ್ಟನ್ನು ಇಬ್ಬರಿಗೆ ಮಾರಿಬಿಡುವ ಭಯ ಇದ್ದರೆ, ಕೊನೆಯ ಎಣಿಕೆಯನ್ನು ಬಿಲ್ ಹಾಕುವ ಕ್ಷಣದಲ್ಲಿ ಡೇಟಾಬೇಸಿನಿಂದಲೇ ಕೇಳಿ. ದಾಸ್ತಾನಿನ ಸತ್ಯ ಇರಬೇಕಾದದ್ದು ಅಲ್ಲಿ. ಇಂಡೆಕ್ಸಿನ ಕೆಲಸ ಸಾಮಾನು ಹುಡುಕಿಕೊಡುವುದು.

ವರ್ಷಕ್ಕೊಮ್ಮೆ ಪಟ್ಟಿ ಪೂರ್ತಿ ಹೊಸದಾಗಿ ತುಂಬಬೇಕಾದರೆ ಬೇರೆ ಹೆಸರಿನಲ್ಲಿ ಇಂಡೆಕ್ಸ್ ಮಾಡಿ. ಅದಕ್ಕೆ ರಿಫ್ರೆಶ್ ಅಂತರ ಮೈನಸ್ ಒಂದು (ಅಂದರೆ ರಿಫ್ರೆಶ್ ಬಂದ್), ರೆಪ್ಲಿಕಾ ಎಂಬ ನಕಲು ಪ್ರತಿಗಳು ಸೊನ್ನೆ. ತುಂಬಿ ಮುಗಿದ ಮೇಲೆ ಎರಡನ್ನೂ ಮೊದಲಿನಂತೆ ಮಾಡಿ, ಅಲಿಯಾಸ್ (ಇಂಡೆಕ್ಸಿನ ಅಡ್ಡಹೆಸರು) ಹೊಸದನ್ನು ತೋರುವಂತೆ ಬದಲಾಯಿಸಿ, ಹಳೆಯದನ್ನು ಅಳಿಸಿ. ಕೌಂಟರಿನವರಿಗೆ ಗೊತ್ತೂ ಆಗುವುದಿಲ್ಲ.

ಪ್ರಶ್ನೆ: ಇಲಾಸ್ಟಿಕ್‌ಸರ್ಚ್‌ನಲ್ಲಿ ರಿಫ್ರೆಶ್ ಅಂತರ ಹೆಚ್ಚಿಸಿದರೆ, ಕರೆಂಟ್ ಹೋದಾಗ ಅಷ್ಟು ಹೊತ್ತಿನ ದತ್ತಾಂಶ ಕಳೆದುಹೋಗುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಇಲ್ಲ. ರಿಫ್ರೆಶ್‌ಗೂ ಭದ್ರತೆಗೂ ಸಂಬಂಧವಿಲ್ಲ. ಪ್ರತಿ ವಿನಂತಿಗೂ ಉತ್ತರ ಕೊಡುವ ಮೊದಲೇ ಟ್ರಾನ್ಸ್‌ಲಾಗ್ ಎಂಬ ಕಡತ ಡಿಸ್ಕಿಗೆ ಇಳಿದಿರುತ್ತದೆ, ಯಂತ್ರ ಮತ್ತೆ ಎದ್ದಾಗ ಅದರಿಂದ ಓದಿಕೊಳ್ಳುತ್ತದೆ. ಕಳೆದುಕೊಳ್ಳುವ ಸಂದರ್ಭ ಬೇರೆ: ವೇಗಕ್ಕಾಗಿ ಟ್ರಾನ್ಸ್‌ಲಾಗನ್ನು ‘ಅಸಿಂಕ್’ ಮಾಡಿದ್ದರೆ ಅದು ಡಿಸ್ಕಿಗೆ ಇಳಿಯುವುದು, ಮೊದಲಿಗೆ ಇರುವ ಲೆಕ್ಕದಂತೆ, 5 ಸೆಕೆಂಡಿಗೊಮ್ಮೆ. ನಡುವೆ ಕರೆಂಟ್ ಹೋದರೆ ಆ ಸೆಕೆಂಡುಗಳ ಬರವಣಿಗೆ ಹೋದಂತೆಯೇ. ಪ್ರಾಜೆಕ್ಟ್ ವರದಿಯಲ್ಲಿ ಇವೆರಡನ್ನೂ ಬೆರೆಸಬೇಡಮ್ಮ, ಪರೀಕ್ಷಕರು ಹಿಡಿಯುವುದೇ ಅಲ್ಲಿ.

ಪ್ರಶ್ನೆ: ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಲಾಟುಗಳ ವಿವರವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಟ್ಟಿದ್ದೇನೆ. ಎಲ್ಲ ಸೇರಿ ಕೆಲವು ಸಾವಿರ ಸಾಲುಗಳು. ನಾನೂ ಸರ್ಚ್ ಸರ್ವರ್ ಹಾಕಿಕೊಳ್ಳಬೇಕೆ? ಎಲ್ಲರೂ ಹಾಕಿಕೊಳ್ಳುತ್ತಿದ್ದಾರೆ.
– ರೇಷ್ಮೆ ಬೆಳೆಗಾರರ ಮಗ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಬೇಡಪ್ಪ. ಕೆಲವು ಸಾವಿರ ಸಾಲುಗಳನ್ನು ಪೋಸ್ಟ್‌ಗ್ರೆಸ್ ಇಂಡೆಕ್ಸ್ ಇಲ್ಲದೆಯೂ ಕಣ್ಣು ಮಿಟುಕಿಸುವಷ್ಟರಲ್ಲಿ ತಡಕಾಡಿ ಮುಗಿಸುತ್ತದೆ. ಮುಂದೆ ಲಕ್ಷಗಳಾದರೆ ಪದಗಳನ್ನು ಹುಡುಕಲು ಅದರಲ್ಲೇ ಇರುವ ಜಿನ್ ಎಂಬ ಬಗೆಯ ಇಂಡೆಕ್ಸ್ ಹಾಕು. ಅದರಲ್ಲಿ ‘ಫಾಸ್ಟ್‌ಅಪ್‌ಡೇಟ್’ ಎಂಬುದು ಮೊದಲಿನಿಂದಲೇ ಚಾಲೂ ಇರುತ್ತದೆ: ಹೊಸ ನಮೂದುಗಳನ್ನು ಒಂದು ಬಾಕಿ ಪಟ್ಟಿಯಲ್ಲಿ ಇಟ್ಟುಕೊಂಡು, ಪಟ್ಟಿ 4 ಎಂಬಿ ದಾಟಿದಾಗ ಇಂಡೆಕ್ಸಿಗೆ ಒಟ್ಟಿಗೆ ಸೇರಿಸುತ್ತದೆ. ಬಾಕಿ ಪಟ್ಟಿ ಉದ್ದವಾದಷ್ಟೂ ಹುಡುಕಾಟ ನಿಧಾನವಾಗುತ್ತದೆ, ಏಕೆಂದರೆ ಪ್ರತಿ ಪ್ರಶ್ನೆಗೂ ಅದನ್ನು ಸಾಲುಸಾಲಾಗಿ ನೋಡಬೇಕು. ಮಾರುಕಟ್ಟೆ ಮುಚ್ಚಿದ ಮೇಲೆ ಒಮ್ಮೆ ವ್ಯಾಕ್ಯೂಮ್ ಎಂಬ ಶುಚಿಗೊಳಿಸುವ ಆದೇಶ ಓಡಿಸಿದರೆ ಬಾಕಿ ಚುಕ್ತಾ ಆಗುತ್ತದೆ.

ಅದಕ್ಕಿಂತ ಮುಖ್ಯವಾಗಿ, ಕನ್ನಡದ ಹೆಸರುಗಳನ್ನು ಸೇರಿಸುವ ಮೊದಲು ಯೂನಿಕೋಡ್ ರೂಪವನ್ನು ಏಕರೀತಿ ಮಾಡಿಕೋ. ಅರ್ಕಾವತ್ತು ಬರೆಯುವಾಗ ಕಣ್ಣಿಗೆ ಕಾಣದ ಜೋಡಣಾ ಅಕ್ಷರವೊಂದು ನಡುವೆ ಸೇರಿದ್ದರೆ, ಅದೇ ಊರಿನ ಹೆಸರು ಹುಡುಕಿದರೂ ಸಿಗುವುದಿಲ್ಲ. ಆಗ ಸರ್ವರ್ ಎಷ್ಟು ವೇಗವಾಗಿದ್ದರೂ ಅದು ‘ಫಲಿತಾಂಶ ಇಲ್ಲ’ ಎಂದೇ ಹೇಳುತ್ತದೆ.